ಬ್ರೇಕ್ ಮೇಷ್ಟ್ರ ಎರಡು ಬೆರಳು

ಬಿದ್ದವಳು ಎದ್ದು ಬಟ್ಟೆ ಕೊಡವಿಕೊಳ್ಳುವ ಮೊದಲೇ, ಬ್ರೇಕ್ ಮೇಷ್ಟ್ರ ಹೆಂಡತಿ ಬೈಕಿನಿಂದ ಬಿದ್ದಳಂತೆ ಎನ್ನುವ ಸುದ್ದಿ ಮೇಷ್ಟ್ರ ಕಿವಿ ಮುಟ್ಟಿತ್ತು. ಪೆಟ್ಟೇನೂ ದೊಡ್ಡದಲ್ಲ. ಮಾರುಕಟ್ಟೆಯ ತಿರುವಿನಲ್ಲಿ ಯಾರೋ ಮೀನಿನ ಬುಟ್ಟಿ ತೊಳೆದ ನೀರು ಚೆಲ್ಲಿದ್ದರು. ಕೈಗಾಡಿಯೊಂದು ದಿಢೀರನೆ ಅಡ್ಡ ಬಂತು. ಅವಳು ಬ್ರೇಕ್ ಹಿಡಿದಳು, ಮುಂದಿನ ಚಕ್ರ ಕಚ್ಚಿಕೊಂಡು ನಿಂತಿತು, ಬೈಕು ಮಾತ್ರ ನಿಲ್ಲಲಿಲ್ಲ. ಮೊಣಕಾಲು ತರಚಿತು, ಸಿರಿಂಜು ಬ್ಯಾಂಡೇಜುಗಳ ಪೆಟ್ಟಿಗೆ ಉರುಳಿ ಚರಂಡಿಯ ಪಕ್ಕ ಹೋಗಿ ಕೂತಿತು. ಮೇಷ್ಟ್ರು ಏದುಸಿರು ಬಿಡುತ್ತ ಓಡಿ ಬಂದವರು ಕೇಳಿದ ಮೊದಲ ಮಾತು ಪೆಟ್ಟಾಯಿತೇ ಎಂದಲ್ಲ, ಎಷ್ಟು ಬೆರಳಲ್ಲಿ ಹಿಡಿದೆ ಎಂದು.

ನಾಲ್ಕು ಎಂದಳು ಹೆಂಡತಿ, ಊರಿನವರ ನರ್ಸಮ್ಮ. ಹೆಬ್ಬೆರಳಿಗೆ ಜಾಗವಿದ್ದಿದ್ದರೆ ಅದನ್ನೂ ಹಾಕುತ್ತಿದ್ದೆ ಎಂದೂ ಸೇರಿಸಿದಳು. ಇಂಥ ಗಂಡನ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದಕ್ಕೆ ಯಾರಾದರೂ ಪದಕ ಕೊಡಬೇಕಿತ್ತು. ಕೊಡಲಿಲ್ಲ. ಅವಳೇ ಎದ್ದು ತನ್ನ ಮೊಣಕಾಲಿಗೆ ತಾನೇ ಪಟ್ಟಿ ಕಟ್ಟಿಕೊಂಡಳು.

ಮೇಷ್ಟ್ರ ಬಗ್ಗೆ ಎರಡು ಮಾತು ಹೇಳಲೇಬೇಕು. ಮುಚ್ಚಿಹೋದ ಗಿರಣಿಯೊಂದರ ಸಿಮೆಂಟು ಅಂಗಳದಲ್ಲಿ ಇಪ್ಪತ್ತೆಂಟು ವರ್ಷದಿಂದ ಅವರು ಬೈಕು ಕಲಿಸುತ್ತಿದ್ದಾರೆ. ಬೇರೆ ಕಡೆ ಓಡಿಸುವುದನ್ನು ಕಲಿಸುತ್ತಾರೆ, ಇವರು ಮೊದಲು ನಿಲ್ಲಿಸುವುದನ್ನು ಕಲಿಸುತ್ತಾರೆ. ನೆಲದ ಮೇಲೆ ಸುಣ್ಣದ ಗೆರೆ ಎಳೆಯುವುದು, ಓಡಿಬಂದ ಬೈಕು ಗೆರೆಗೆ ಮುತ್ತಿಡದೆ ನಿಲ್ಲಬೇಕು, ಅದೂ ಮುಂದಿನ ಬ್ರೇಕಿನ ಮೇಲೆ ಎರಡೇ ಬೆರಳಿಟ್ಟು. ಬ್ರೇಕು ಚಕ್ರದಲ್ಲಿಲ್ಲ, ಬೆರಳಲ್ಲಿದೆ ಎನ್ನುವುದು ಅವರ ವೇದವಾಕ್ಯ. ಅದನ್ನು ಶಾಲೆಯ ಬೋರ್ಡಿನ ಮೇಲೂ ಬರೆಸಿದ್ದರು.

ಇನ್ನೊಂದು, ಅವರ ಎಂಟು ಹೆಜ್ಜೆ. ಗಾಡಿ ಹತ್ತಿದವನು ಕೀ ಆಫ್ ಮಾಡುವುದರಿಂದ ಶುರುಮಾಡಿ, ಸ್ಟ್ಯಾಂಡು, ಕನ್ನಡಿ, ನ್ಯೂಟ್ರಲ್ಲು ಎಲ್ಲ ನೋಡಿಕೊಂಡು, ಕ್ಲಚ್ಚು ಬ್ರೇಕು ಒತ್ತಿ ನೋಡಿ, ಆಮೇಲೆ ಕೀ ಆನ್ ಮಾಡಿ ಸ್ಟಾರ್ಟ್ ಮಾಡಬೇಕು. ಬೇರೆ ಯಾರೋ ಸ್ಟಾರ್ಟ್ ಮಾಡಿ ಕೊಟ್ಟ ಗಾಡಿಯಾದರೂ ಸರಿ, ಆಫ್ ಮಾಡಿ ಒಂದರಿಂದ ಶುರು. ಒಮ್ಮೆ ಹಲ್ಲುನೋವಿನಿಂದ ಒದ್ದಾಡುತ್ತಿದ್ದ ಹೆಂಡತಿಯ ತಮ್ಮನನ್ನು ಹಿಂದೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೊರಟಾಗಲೂ ಎಂಟು ಹೆಜ್ಜೆ ಮುಗಿಸಿಯೇ ಹೊರಟಿದ್ದರು. ಕೆನ್ನೆ ಹಿಡಿದುಕೊಂಡು ಅವನು ಅಳುತ್ತಿದ್ದ, ಇವರು ಕನ್ನಡಿ ಸರಿಮಾಡುತ್ತಿದ್ದರು.

ನರ್ಸಮ್ಮ ಕಲಿತದ್ದೂ ಅದೇ ಅಂಗಳದಲ್ಲಿ. ಹತ್ತನೆಯ ಪಾಠದ ಹೊತ್ತಿಗೆ ತನ್ನ ಮೇಲೆ ಮನಸ್ಸು ಹರಿಸಿದ್ದ ಮೇಷ್ಟ್ರಿಗೇ ಬ್ರೇಕ್ ಬಿದ್ದಿರಲಿಲ್ಲ ಎಂದು ಅವಳು ಈಗಲೂ ಹೇಳಿ ನಗುತ್ತಾಳೆ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು, ರಕ್ತ ತೆಗೆದು, ಇಂಜೆಕ್ಷನ್ ಚುಚ್ಚಿ ಬರುವುದು ಅವಳ ಕೆಲಸ. ದಿನಕ್ಕೆ ಹನ್ನೆರಡು ಮನೆ, ಮಳೆಯಿರಲಿ ಬಿಸಿಲಿರಲಿ. ಆದ್ದರಿಂದ ಬಿದ್ದ ಮಾರನೆಯ ದಿನವೇ ಅವಳು ತೀರ್ಮಾನ ಮಾಡಿದಳು: ಹೊಸ ಬೈಕು ಬೇಕು, ಅದಕ್ಕೆ ಎಬಿಎಸ್ ಇರಬೇಕು. ಚಕ್ರ ಕಚ್ಚಿಕೊಳ್ಳುತ್ತದೆ ಎನ್ನುವಷ್ಟರಲ್ಲಿ ಆ ಯಂತ್ರ ತಾನೇ ಬ್ರೇಕನ್ನು ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ಹಾಗೆ ಮಾಡಿ ಗಾಡಿ ಜಾರದಂತೆ ನೋಡಿಕೊಳ್ಳುತ್ತದೆ. ಶೋರೂಮಿನಲ್ಲಿ ಕೆಲಸ ಮಾಡುವ ಅವಳ ತಮ್ಮ, ಹಿಂದೊಮ್ಮೆ ಕೆನ್ನೆ ಹಿಡಿದುಕೊಂಡು ಅತ್ತವನು, ಅದನ್ನು ವಿವರಿಸಿ ಹೇಳಿದ್ದ.

ಮೇಷ್ಟ್ರಿಗೆ ಆಕಾಶವೇ ಕಳಚಿ ಬಿದ್ದ ಹಾಗಾಯಿತು. ಬ್ರೇಕ್ ಮೇಷ್ಟ್ರ ಹೆಂಡತಿಯೇ ಎಬಿಎಸ್ ಗಾಡಿ ಓಡಿಸಿದರೆ ಬೋರ್ಡಿನ ಮೇಲೆ ಬರೆದ ಮಾತನ್ನು ನಾಳೆ ಯಾವ ಮುಖ ಇಟ್ಟುಕೊಂಡು ಓದುವುದು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ಗೊಣಗಿದರು. ಕುಣಿದದ್ದು ನಾನಲ್ಲ, ಚಕ್ರ ಎಂದಳು ಅವಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವರದು, ನಾಲ್ಕನೆಯ ಕಾಲು ಎಣಿಸಿ ತೋರಿಸದೆ ಬಿಡದ ಜಾತಿ ಇವಳದು. ಮನೆಯಲ್ಲಿ ಎರಡು ದಿನ ಪಾತ್ರೆಗಳೇ ಹೆಚ್ಚು ಮಾತಾಡಿದವು. ಮೂರನೆಯ ದಿನ ಪಂದ್ಯ ಕಟ್ಟಿದರು.

ಪಂದ್ಯ ಸುಲಭದ್ದು. ನರ್ಸಮ್ಮನ ತಮ್ಮ ಶೋರೂಮಿನಿಂದ ಎಬಿಎಸ್ ಬೈಕೊಂದನ್ನು ತರುವುದು. ಕಚ್ಚಾ ದಾರಿಯಲ್ಲಿ ಓಡಿಸುವವರಿಗೆಂದು ಆ ಬೈಕಿನಲ್ಲಿ ಎಬಿಎಸ್ ಬೇಡವೆಂದರೆ ಆರಿಸುವ ಸ್ವಿಚ್ಚೊಂದಿತ್ತು. ಅಂಗಳಕ್ಕೆ ನೀರು ಹೊಡೆದು, ಎಬಿಎಸ್ ಆರಿಸಿ ಮೇಷ್ಟ್ರು ಒಂದು ಸಲ ಓಡಿಸಿ ನಿಲ್ಲಿಸುವುದು, ಹೊತ್ತಿಸಿ ಅವಳ ತಮ್ಮ ಒಂದು ಸಲ. ಸುಣ್ಣದ ಗೆರೆ ದಾಟಿದವರು ಸೋತರು. ಮೇಷ್ಟ್ರು ಗೆದ್ದರೆ ಅವಳು ಎಬಿಎಸ್ ಇಲ್ಲದ ಗಾಡಿ ಕೊಳ್ಳಬೇಕು. ಸೋತರೆ ಮೇಷ್ಟ್ರು ಬೋರ್ಡಿನ ಮಾತನ್ನು ಅಳಿಸಬೇಕು. ಬಾಲಿಶ ಎನಿಸಬಹುದು. ಗಂಡಹೆಂಡಿರ ಪಂದ್ಯಗಳು ಬಾಲಿಶವಲ್ಲದೆ ಇನ್ನೇನಿರುತ್ತವೆ?

ಶನಿವಾರ ಅಂಗಳ ತುಂಬ ಜನ. ಹಳೆಯ ಶಿಷ್ಯರು, ಹೊಸ ಶಿಷ್ಯರು, ಎದುರಿನ ಟೈರ್ ಅಂಗಡಿಯವನು ಅಂಗಡಿಯನ್ನು ಹಾಗೇ ಬಿಟ್ಟು ಬಂದಿದ್ದ. ನರ್ಸಮ್ಮನ ತಮ್ಮ ಬೈಕನ್ನು ಸ್ಟಾರ್ಟ್ ಮಾಡಿ, ಎಲ್ಲರಿಗೂ ಕಾಣುವ ಹಾಗೆ ಸ್ವಿಚ್ಚು ಒತ್ತಿ ಎಬಿಎಸ್ ಆರಿಸಿ, ಭಾವ, ತಗೊಳ್ಳಿ ಎಂದು ಕೊಟ್ಟ. ಮೇಷ್ಟ್ರು ಹತ್ತಿ ಕೂತರು. ಕೂತವರು ಮೊದಲು ಮಾಡಿದ ಕೆಲಸ ಕೀ ಆಫ್ ಮಾಡಿದ್ದು. ಒಂದನೆಯ ಹೆಜ್ಜೆ. ಆಮೇಲೆ ಗಂಭೀರವಾಗಿ ಸ್ಟ್ಯಾಂಡು, ಕನ್ನಡಿ, ನ್ಯೂಟ್ರಲ್ಲು. ಏಳನೆಯ ಹೆಜ್ಜೆಗೆ ಕೀ ಮತ್ತೆ ಆನ್ ಆಯಿತು.

ನರ್ಸಮ್ಮ ಆ ಕೀಯನ್ನೇ ನೋಡಿದಳು. ಬೈಕಿನ ಜೊತೆ ಬಂದಿದ್ದ ಪುಸ್ತಿಕೆಯನ್ನು ಅವಳು ಹಿಂದಿನ ದಿನವೇ ಮೊದಲಿನಿಂದ ಕೊನೆಯವರೆಗೆ ಓದಿದ್ದಳು. ಸ್ವಿಚ್ಚು ಒತ್ತಿ ಆರಿಸಿದ್ದರೂ ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಎಬಿಎಸ್ ತಾನಾಗಿ ವಾಪಸು ಬರುತ್ತದೆ ಎಂದು ಅದರಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ತಮ್ಮ ಓದಿರಲಿಲ್ಲ, ಮಾರುವವರು ಪುಸ್ತಿಕೆ ಓದುವುದಿಲ್ಲ. ಅಂದರೆ ಇಪ್ಪತ್ತೆಂಟು ವರ್ಷದ ಶಿಸ್ತಿನಿಂದ ಮೇಷ್ಟ್ರು ತಮ್ಮ ಕೈಯಾರೆ ಶತ್ರುವನ್ನು ಒಳಗೆ ಕರೆದುಕೊಂಡಿದ್ದರು.

ಅವಳು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಒದ್ದೆ ಸಿಮೆಂಟಿನ ಮೇಲೆ ಐವತ್ತೈದು ದಾಟಿದ ಮನುಷ್ಯ ಜಾರಿ ಬೀಳುವುದು ಬೇಡ ಎನ್ನುವುದು ಒಂದು ಕಾರಣ, ಅದನ್ನು ಯಾರಿಗೆ ಬೇಕಾದರೂ ಹೇಳಿಕೊಳ್ಳಬಹುದು. ಇನ್ನೊಂದು ಹೇಳಿಕೊಳ್ಳುವಂಥದ್ದಲ್ಲ. ಮೇಷ್ಟ್ರು ಗೆಲ್ಲಲಿ, ಗೆದ್ದು ನಾಲ್ಕು ದಿನ ಮೀಸೆ ತಿರುವಲಿ, ಗುರುವಾರ ತನ್ನ ತಮ್ಮ ಊಟಕ್ಕೆ ಬಂದಾಗ ತಟ್ಟೆಯ ಮುಂದೆ ಪುಸ್ತಿಕೆ ಬಿಚ್ಚಿಟ್ಟು ಆ ಮೀಸೆಯನ್ನು ಇಳಿಸೋಣ ಎಂದು ಅವಳ ಮನಸ್ಸು ಲೆಕ್ಕ ಹಾಕಿತ್ತು. ಅಷ್ಟು ರುಚಿಯಾದ ಗುಟ್ಟು ಅವಳಿಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ.

ಬೈಕು ಸುಯ್ಯೆಂದು ಬಂತು. ಬ್ರೇಕ್ ಹಿಡಿಯಬೇಕಾದ ಜಾಗದಲ್ಲಿಟ್ಟಿದ್ದ ಡ್ರಮ್ಮನ್ನು ದಾಟಿದ ಕ್ಷಣದಲ್ಲಿ ನರ್ಸಮ್ಮ ಇನ್ನೊಂದನ್ನೂ ನೋಡಿದಳು. ವಿಶ್ವವೇ ನೋಡುತ್ತಿದೆ ಎನ್ನುವ ಗಾಬರಿಯಲ್ಲೋ ಏನೋ, ಮೇಷ್ಟ್ರ ನಾಲ್ಕೂ ಬೆರಳು ಬ್ರೇಕಿನ ಮೇಲಿದ್ದವು. ಬೈಕು ಮೂಗು ತಗ್ಗಿಸಿತು, ನೀರು ಚಿಮ್ಮಿತು, ಗೆರೆಗೆ ಗೇಣುದ್ದ ಇರುವಾಗ ಹಿಂದೆಮುಂದೆ ಅಲ್ಲಾಡದೆ ನಿಂತಿತು. ಅಂಗಳ ಚಪ್ಪಾಳೆ ಹೊಡೆಯಿತು. ಆಮೇಲೆ ತಮ್ಮ ಹತ್ತಿದ, ಗಡಿಬಿಡಿಯಲ್ಲಿ ಸ್ವಿಚ್ಚು ಒತ್ತುವುದನ್ನೂ ಮರೆತ. ಅವನಿಗೆ ಎಬಿಎಸ್ ಏನೋ ಇತ್ತು, ಧೈರ್ಯ ಇರಲಿಲ್ಲ. ಬ್ರೇಕಿಗೆ ನೋವಾದೀತು ಎನ್ನುವವನ ಹಾಗೆ ಮೆಲ್ಲಗೆ ಒತ್ತಿದ ಅವನು ಗೆರೆ ದಾಟಿ, ಟೈರ್ ಅಂಗಡಿಯವನನ್ನೂ ದಾಟಿ, ಗಿರಣಿಯ ಗೋಡೆಯ ಹತ್ತಿರ ನಿಂತ. ಎಬಿಎಸ್ಸಿನ ಮರ್ಯಾದೆಯನ್ನು ಅವನೊಬ್ಬನೇ ಆ ಗೋಡೆಗೆ ಒರಗಿಸಿ ಬಂದ.

ಮೇಷ್ಟ್ರು ಗೆದ್ದಿದ್ದರು. ನರ್ಸಮ್ಮ ಕೈಕಟ್ಟಿ ಕಾದಳು, ಈಗ ಭಾಷಣ ಶುರುವಾಗುತ್ತದೆ ಎಂದು. ಮೇಷ್ಟ್ರು ಇಳಿದು, ಬಲಗೈಯನ್ನು ಜೇಬಿನೊಳಗೆ ಇಟ್ಟುಕೊಂಡು, ಎಲ್ಲರೂ ಮನೆಗೆ ಹೋಗಿ ಎಂದಷ್ಟೇ ಹೇಳಿದರು.

ಅಂದು ಜೇಬಿಗೆ ಹೋದ ಕೈ ಸಲೀಸಾಗಿ ಹೊರಗೆ ಬರಲಿಲ್ಲ. ಮೇಷ್ಟ್ರು ಎಡಗೈಯಲ್ಲಿ ಲೋಟ ಹಿಡಿದು ಕಾಫಿ ಕುಡಿದು ಅಂಗಿಯ ಮೇಲೆ ಚೆಲ್ಲಿಕೊಂಡರು. ಗಡ್ಡ ಹೆರೆಯಲಿಲ್ಲ. ಅಂಗಳದಲ್ಲಿ ತಾವೇ ಓಡಿಸಿ ತೋರಿಸುವುದನ್ನು ಬಿಟ್ಟು ಹಳೆಯ ಶಿಷ್ಯನೊಬ್ಬನಿಗೆ ತೋರಿಸಲು ಹೇಳಿದರು. ಗೆದ್ದವರ ಲಕ್ಷಣ ಇದಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಮನುಷ್ಯ, ಈಗ ಬೀಳದೆಯೇ ಮುಖ ಮಣ್ಣು ಮಾಡಿಕೊಂಡು ಕೂತಿದ್ದರು. ನಾಲ್ಕು ದಿನ ರೋಗಿಗಳ ನಾಡಿ ಹಿಡಿಯುತ್ತ ನರ್ಸಮ್ಮ ತನ್ನ ಮನೆಯ ಈ ರೋಗ ಯಾವುದೆಂದು ಯೋಚಿಸಿದಳು. ಗುಟ್ಟಿನ ರುಚಿ ಸ್ವಲ್ಪ ಕೆಡತೊಡಗಿತ್ತು.

ಬುಧವಾರ ಬೆಳಿಗ್ಗೆ ಥರ್ಮಾಮೀಟರ್ ಮರೆತು ಅರ್ಧ ದಾರಿಯಿಂದ ವಾಪಸು ಬಂದಾಗ ಗೊತ್ತಾಯಿತು. ಮೇಷ್ಟ್ರು ಅಡುಗೆಮನೆಯ ಮೇಜಿನ ಮುಂದೆ ನಿಂತಿದ್ದರು. ಬಲಗೈ ನೇರವಾಗಿ ಮುಂದೆ ಚಾಚಿತ್ತು, ಬೆರಳುಗಳ ಮೇಲೆ ದಿನಪತ್ರಿಕೆಯ ಒಂದು ಹಾಳೆ. ಹಾಳೆಯ ಅಂಚು ಪಟಪಟನೆ ನಡುಗುತ್ತಿತ್ತು, ಅದನ್ನೇ ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಕಾಗದ ನಡುಗದೆ ಇನ್ನೇನು ಮಾಡೀತು? ನರ್ಸಮ್ಮ ಹೋಗಿ ಫ್ಯಾನ್ ಆರಿಸಿದಳು. ಹಾಳೆ ಸುಮ್ಮನಾಯಿತು. ಮೇಷ್ಟ್ರಿಗೆ ಅದು ಸಮಾಧಾನ ತರಲಿಲ್ಲ.

"ಅವತ್ತು ಬ್ರೇಕ್ ಹಿಡಿದೆ ನೋಡು, ಆಗ ಕೈ ನಡುಗ್ತು," ಎಂದರು. "ಸುಮ್ನೆ ಅಲ್ಲ ಕಣೇ, ತರತರ ಅಂತ. ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು."

ಮೇಷ್ಟ್ರ ಅಪ್ಪ ಗಡಿಯಾರ ರಿಪೇರಿಯವರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದವರು ಅರವತ್ತು ತುಂಬುವ ಮೊದಲೇ ಚಮಚ ಹಿಡಿಯಲಾರದೆ ಹೋದರು. ಅವರ ಬಾಯಿಗೆ ಮೂರು ವರ್ಷ ತುತ್ತಿಟ್ಟವಳು ನರ್ಸಮ್ಮನೇ. ಕೊನೆಕೊನೆಗೆ ಮಾವ ತಮ್ಮ ಕೈಯನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಿದ್ದುದು ಅವಳಿಗೆ ಇನ್ನೂ ನೆನಪಿತ್ತು. ಈಗ ಮಗನೂ ತಮ್ಮ ಕೈಯನ್ನು ಹಾಗೆಯೇ ನೋಡುತ್ತಿದ್ದರು.

ನಗು ಬರಬೇಕಿತ್ತು, ಬರಲಿಲ್ಲ. ನಡುಗಿದ್ದು ಏನೆಂದು ಅವಳಿಗೆ ಥಟ್ಟನೆ ಹೊಳೆದಿತ್ತು. ಎಬಿಎಸ್ ಬ್ರೇಕನ್ನು ಬಿಟ್ಟು ಹಿಡಿಯುವಾಗ ಆ ಮಿಡಿತ ಬ್ರೇಕಿನ ಹಿಡಿಯ ತನಕ ಬರುತ್ತದೆ, ಬೆರಳಡಿಯಲ್ಲಿ ತರತರ ಎನಿಸುತ್ತದೆ, ಹೆದರಿ ಬಿಡಬೇಡಿ ಎಂದು ಪುಸ್ತಿಕೆಯ ಅದೇ ಪುಟದಲ್ಲಿತ್ತು. ಎಬಿಎಸ್ ಗಾಡಿಯನ್ನು ಜನ್ಮದಲ್ಲಿ ಮುಟ್ಟದ, ಅವತ್ತು ಅದು ಆರಿದೆ ಎಂದೇ ನಂಬಿದ್ದ ಮೇಷ್ಟ್ರು ಯಂತ್ರದ ನಡುಕವನ್ನು ತಮ್ಮ ನಡುಕವೆಂದು ಮೈಮೇಲೆ ಹಾಕಿಕೊಂಡಿದ್ದರು. ಅವಳು ಹೇಳಲು ಬಾಯಿ ತೆರೆದಳು. ಮೇಷ್ಟ್ರು ಅಷ್ಟರಲ್ಲಿ ಇನ್ನೊಂದು ಮಾತು ಹೇಳಿಬಿಟ್ಟರು.

"ನೀನು ಎಬಿಎಸ್ ಗಾಡಿನೇ ತಗೋ. ಬೆರಳನ್ನ ನಂಬೋ ಕಾಲ ಹೋಯ್ತು. ನಾನೂ ಈ ತಿಂಗಳಿಗೆ ಅಂಗಳ ಬಿಡ್ತೀನಿ."

ತೆರೆದ ಬಾಯಿ ಮುಚ್ಚಿತು. ಬಯಸಿದ ಬೈಕು ತಾನಾಗಿ ಬಾಗಿಲಿಗೆ ಬಂದಿತ್ತು. ಸುಮ್ಮನಿದ್ದರೆ ಸಾಕು, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಹೇಳಿದರೆ ಎಲ್ಲವನ್ನೂ ಹೇಳಬೇಕು, ಶನಿವಾರದಿಂದ ಗೊತ್ತಿದ್ದೂ ನಾಲಗೆ ಕಚ್ಚಿಕೊಂಡು ಕೂತಿದ್ದನ್ನೂ ಸೇರಿಸಿ. ಸಂಜೆ ಹೇಳಿದರಾಯಿತು, ಬೈಕು ಬುಕ್ ಮಾಡಿ ಹೇಳಿದರಾಯಿತು ಎಂದುಕೊಂಡು ಥರ್ಮಾಮೀಟರ್ ತೆಗೆದುಕೊಂಡು ಹೊರಟಳು. ಅವಳು ಕೆಟ್ಟವಳಲ್ಲ. ಒಳ್ಳೆಯವರಿಗೂ ಒಮ್ಮೊಮ್ಮೆ ಸಂಜೆಯ ತನಕ ತಡೆಯಬಹುದು ಎನಿಸುತ್ತದೆ.

ಮೂರನೆಯ ಮನೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಮುದುಕಿಯ ರಕ್ತ ತೆಗೆಯಬೇಕಿತ್ತು. ಕಣ್ಣು ಮುಚ್ಚಿಕೊಂಡು ನರ ಹಿಡಿಯುವ ಕೈ ಅವಳದು. ಅಂದು ಒಂದು ಸಲ ಚುಚ್ಚಿದಳು, ಸಿಗಲಿಲ್ಲ. ಎರಡನೆಯ ಸಲವೂ ಸಿಗಲಿಲ್ಲ. ಮುದುಕಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು.

"ಯಾಕಮ್ಮ, ಇವತ್ತು ನಿನ್ನ ಕೈ ಹೀಗೆ ನಡುಗ್ತಾ ಇದೆ?" ಎಂದಳು.

ನರ್ಸಮ್ಮ ತನ್ನ ಕೈ ನೋಡಿಕೊಂಡಳು. ಹೌದು, ನಡುಗುತ್ತಿತ್ತು. ಆ ಮನೆಯಲ್ಲಿ ಫ್ಯಾನೂ ಇರಲಿಲ್ಲ, ಎಬಿಎಸ್ಸೂ ಇರಲಿಲ್ಲ. ತಾನು ಮಾಡುತ್ತಿರುವುದು ತುಂಟಾಟವಲ್ಲ, ಪಾಪ ಎಂದು ಅವಳಿಗೆ ಮೊದಲ ಬಾರಿ ಅನಿಸಿತು, ತನ್ನ ಮೇಲೆ ತನಗೇ ಅಸಹ್ಯವಾಯಿತು. ನಾಳೆ ಬಂದು ತೆಗೆಯುತ್ತೇನೆ ಎಂದು ಮುದುಕಿಯ ತೋಳಿಗೆ ಹತ್ತಿ ಒತ್ತಿ, ಉಳಿದ ಒಂಬತ್ತು ಮನೆಗಳಿಗೆ ಮಧ್ಯಾಹ್ನ ಬರುತ್ತೇನೆಂದು ಫೋನ್ ಮಾಡಿ, ಅಂಗಳದ ದಾರಿ ಹಿಡಿದಳು.

ಮೇಷ್ಟ್ರು ಡ್ರಮ್ಮೊಂದನ್ನು ಮಗುಚಿ ಹಾಕಿಕೊಂಡು ಅದರ ಮೇಲೆ ಕೂತಿದ್ದರು. ಹಳೆಯ ಶಿಷ್ಯ ಇಬ್ಬರು ಹೆಂಗಸರಿಗೆ ಪಾಠ ಹೇಳುತ್ತಿದ್ದ, ತಪ್ಪುತಪ್ಪಾಗಿ. ಮೇಷ್ಟ್ರು ತಿದ್ದುತ್ತಲೂ ಇರಲಿಲ್ಲ. ಹೆಂಡತಿ ಬಂದು ಎದುರಿಗೆ ನಿಂತಾಗ ಯಾರ ಮನೆಯಲ್ಲಿ ಏನಾಯಿತು ಎಂದು ಕೇಳಿದರು.

"ರೀ, ಅವತ್ತು ನಡುಗಿದ್ದು ನಿಮ್ಮ ಕೈ ಅಲ್ಲ. ಬ್ರೇಕು."

ಮೇಷ್ಟ್ರು ದಣಿದ ನಗು ನಕ್ಕರು. ರೋಗಿಗಳಿಗೆ ಹೇಳುವ ಮಾತನ್ನು ನನಗೆ ಹೇಳಬೇಡ, ಅಪ್ಪನಿಗೂ ನೀನು ಹೀಗೇ ಹೇಳುತ್ತಿದ್ದೆ ಎಂದರು. ಅವಳು ಚೀಲದಿಂದ ಪುಸ್ತಿಕೆ ತೆಗೆದು ಪುಟ ಬಿಚ್ಚಿದಳು. ಅವರು ಓದಿದರು. ಎಬಿಎಸ್ ಆರಿತ್ತಲ್ಲ, ಆರಿದ್ದು ಹೇಗೆ ನಡುಗುತ್ತದೆ ಎಂದು ಕೇಳಿದರು. ಯಾರಿಂದ ಮತ್ತೆ ಹೊತ್ತಿಕೊಂಡಿತು ಎಂದು ಅವಳು ಹೇಳಿದಳು. ಮೇಷ್ಟ್ರ ಬೆರಳು ಪುಟದ ಮೇಲೆ ಕೀ ಎನ್ನುವ ಅಕ್ಷರದ ಹತ್ತಿರ ನಿಂತಿತು, ಆದರೂ ಅವರ ಮುಖ ಇನ್ನೂ ನಂಬಲಿಲ್ಲ. ಹೆಂಡತಿ ಕನಿಕರದಿಂದ ಕಥೆ ಕಟ್ಟುತ್ತಿದ್ದಾಳೆ ಎನ್ನುವ ಅನುಮಾನ ಕಣ್ಣಿನಲ್ಲಿ ಉಳಿದೇ ಇತ್ತು. ಆಗ ನರ್ಸಮ್ಮ ಕನಿಕರವನ್ನು ಪಕ್ಕಕ್ಕಿಟ್ಟಳು.

"ನೀವು ನಾಲ್ಕು ಬೆರಳಲ್ಲಿ ಹಿಡಿದ್ರಿ. ನಾನು ಕಣ್ಣಾರೆ ನೋಡಿದೆ. ಎಬಿಎಸ್ ಇಲ್ದೆ ಇದ್ದಿದ್ರೆ ನನ್ನ ಥರಾನೇ ಬೀಳ್ತಿದ್ರಿ, ಅಷ್ಟು ಜನರ ಮುಂದೆ."

ಮೇಷ್ಟ್ರ ತಲೆ ಮೇಲೆದ್ದಿತು. ಸಮಾಧಾನ ಹೇಳಲು ಬಂದವರು ಯಾರೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವುದಿಲ್ಲ. ಇದು ನಿಜವೇ ಇರಬೇಕು. ಅವರು ಪುಸ್ತಿಕೆಯನ್ನು ತೊಡೆಯ ಮೇಲಿಟ್ಟು ಬಲಗೈಯನ್ನು ಕಣ್ಣ ಮುಂದೆ ಹಿಡಿದು, ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದರು. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದರು.

ಎಬಿಎಸ್ ಹೊತ್ತಿದ್ದು ಶನಿವಾರವೇ ಎಂದಳು. ನಡುಕದ ಅರ್ಥ ಇವತ್ತು ಬೆಳಿಗ್ಗೆ, ನೀವು ಅಡುಗೆಮನೆಯಲ್ಲಿ ನಿಂತಿದ್ದಾಗಲೇ. ಬೈಕಿನ ಆಸೆಗೆ ಸುಮ್ಮನೆ ಹೊರಟುಹೋದೆ ಎಂದೂ ಹೇಳಿದಳು. ಪಂದ್ಯವನ್ನು ನಗುನಗುತ್ತ ಗೆಲ್ಲಬೇಕೆಂದಿದ್ದವಳು ಈಗ ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತಿದ್ದಳು.

ಮೇಷ್ಟ್ರಿಗೆ ಸಿಟ್ಟು ಬಂತು, ಖಂಡಿತ ಬಂತು, ಮೂಗಿನ ತುದಿ ಕೆಂಪಾಯಿತು. ಆದರೆ ಸಿಟ್ಟಿಗೆ ಒಳಗೆ ಜಾಗ ಸಿಗಲಿಲ್ಲ, ಅಲ್ಲಿ ಬೇರೇನೋ ತುಂಬಿಕೊಂಡಿತ್ತು. ಮದುವೆಯಾದಂದಿನಿಂದ ಈ ಮನುಷ್ಯ ಒಂದು ಇಸ್ಪೀಟಾಟದಲ್ಲೂ ಸೋತೆ ಎಂದವರಲ್ಲ, ಎಲೆ ಹಂಚಿದ್ದು ಸರಿಯಿಲ್ಲ ಎನ್ನುವವರು.

"ಅಂದ್ರೆ ಪಂದ್ಯ ನಾನು ಸೋತೆ," ಎಂದರು ನಿಧಾನವಾಗಿ.

"ಸೋತ್ರಿ."

"ಎಬಿಎಸ್ ಗೆಲ್ತು."

"ಗೆಲ್ತು."

ಹಳೆಯ ಶಿಷ್ಯ ಪಾಠ ನಿಲ್ಲಿಸಿದ್ದ. ಆ ಇಬ್ಬರು ಹೆಂಗಸರೂ ಇವರನ್ನೇ ನೋಡುತ್ತಿದ್ದರು. ಮೇಷ್ಟ್ರಿಗೆ ಅದರ ಪರಿವೆಯಿರಲಿಲ್ಲ. ಕಣ್ಣಿನಲ್ಲಿ ನೀರು ತುಂಬಿಕೊಂಡಿತ್ತು, ತುಟಿಯ ಮೇಲೆ ನಗು ನಿಲ್ಲಲಾರದೆ ಒದ್ದಾಡುತ್ತಿತ್ತು.

"ಇನ್ನೊಂದ್ಸಲ ಹೇಳು," ಎಂದರು.

"ನೀವು ಸೋತ್ರಿ ಕಣ್ರೀ," ಎಂದಳು ನರ್ಸಮ್ಮ, ಅಂಗಳಕ್ಕೆಲ್ಲ ಕೇಳುವ ಹಾಗೆ.